ಸ್ವಾಮಿ ಮೇಷ್ಟ್ರ ಸಹಿ

ಉಡಿಗಾಲದ ಮಲ್ಲಿಕಾರ್ಜುನಸ್ವಾಮಿ ಗುಂಡ್ಲುಪೇಟೆಯ ಪದವಿ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಹೇಳಲು ಶುರುಮಾಡಿ ಹದಿನೇಳು ವರ್ಷವಾಗಿತ್ತು. ಹದಿನೇಳು ವರ್ಷವೂ ಅವರು ಅತಿಥಿ ಉಪನ್ಯಾಸಕರೇ. ಪ್ರತಿ ವರ್ಷ ಅರ್ಜಿ ಹಾಕಬೇಕು, ಪಟ್ಟಿಯಲ್ಲಿ ಹೆಸರು ಬರುವುದನ್ನು ಕಾಯಬೇಕು, ಬಂದರೆ ಹತ್ತು ತಿಂಗಳು ಪಾಠ, ಆಮೇಲೆ ಮತ್ತೆ ಅರ್ಜಿ. ನೆಂಟರು ಎರಡು ದಿನ ಉಂಡು ಹೊರಡುತ್ತಾರೆ, ನೀವು ಹದಿನೇಳು ವರ್ಷದಿಂದ ನೆಂಟರಾಗಿಯೇ ಕೂತಿದ್ದೀರಿ ಎಂದು ಹೆಂಡತಿ ಶಿವರಂಜಿನಿ ಹಾಸ್ಯ ಮಾಡುತ್ತಿದ್ದಳು. ಮೊದಮೊದಲು ಅವರೂ ನಗುತ್ತಿದ್ದರು. ನಲವತ್ತೈದು ದಾಟಿದ ಮೇಲೆ ಅವರ ನಗು ನಿಂತಿತು. ಅದನ್ನು ಕಂಡು ಆಕೆಯೂ ಹಾಸ್ಯ ನಿಲ್ಲಿಸಿದಳು.

ಆದರೆ ತರಗತಿಯೊಳಗೆ ಕಾಲಿಟ್ಟರೆ ಅವರು ಯಾರ ಮನೆಯ ನೆಂಟರೂ ಅಲ್ಲ. ಅದರಲ್ಲೂ ವರ್ಷಕ್ಕೊಮ್ಮೆ ಬರುವ ಸಾಮಾಜಿಕ ಒಪ್ಪಂದದ ಪಾಠಕ್ಕೆ ಅವರು ಪುಸ್ತಕ ಹಿಡಿಯುತ್ತಲೇ ಇರಲಿಲ್ಲ. ನಾಳೆ ಬೆಳಿಗ್ಗೆ ಪೊಲೀಸು, ಕೋರ್ಟು, ತಹಶೀಲ್ದಾರರು ಯಾರೂ ಇಲ್ಲ ಅಂತಾದರೆ ನೀವೆಲ್ಲ ಏನು ಮಾಡುತ್ತೀರಿ ಎಂದು ಮೊದಲು ಕೇಳುತ್ತಿದ್ದರು. ಹುಡುಗರು ಬ್ಯಾಂಕಿಗೆ ನುಗ್ಗುತ್ತೇವೆ ಅನ್ನುವರು, ಹುಡುಗಿಯರು ಮನೆಯಿಂದ ಹೊರಗೇ ಬರುವುದಿಲ್ಲ ಅನ್ನುವರು. ಅಲ್ಲಿಂದ ಹಾಬ್ಸ್ ಶುರು. ಮನುಷ್ಯನಿಗೆ ಮನುಷ್ಯನ ಭಯ, ಆ ಭಯಕ್ಕೆ ಎಲ್ಲರೂ ಸೇರಿ ತಮ್ಮ ಶಕ್ತಿಯನ್ನೆಲ್ಲ ಒಬ್ಬ ದೊರೆಯ ಕೈಗೆ ಕೊಟ್ಟುಬಿಟ್ಟರು ಎಂದವನು ಅವನು. ಆಮೇಲೆ ಲಾಕ್. ಪ್ರಾಣ, ಬದುಕು, ಹೊಲಮನೆ ಕಾಯಲಿ ಎಂದು ನಂಬಿ ಒಪ್ಪಿಸಿದ್ದು, ಕಾಯದೆ ಹೋದರೆ ಕೊಟ್ಟದ್ದನ್ನು ವಾಪಸು ಕೇಳಬಹುದು ಎಂದವನು. ಕೊನೆಗೆ ರೂಸೋ. ಮನುಷ್ಯ ಹುಟ್ಟಾ ಒಳ್ಳೆಯವನೇ, ಬೇಲಿ ಹಾಕಿ ಇದು ನಂದು ಅನ್ನಲು ಕಲಿತ ಮೇಲೆ ಕೆಟ್ಟ ಎಂದವನು. ಮೂವರಲ್ಲಿ ಸ್ವಾಮಿ ಮೇಷ್ಟ್ರ ಮನಸ್ಸು ಲಾಕನ ಕಡೆಗೆ ವಾಲುತ್ತಿತ್ತು.

ಅದಕ್ಕೆ ಕಾರಣ ಅವರಪ್ಪ ಚಿಕ್ಕಬಸವಯ್ಯ. ಅವರು ಉಡಿಗಾಲದ ನೀರುಗಂಟಿ. ಯಾವ ಬೀದಿಗೆ ಎಷ್ಟು ಹೊತ್ತು ನೀರು ಎಂಬುದು ಅವರ ಕೈಲಿದ್ದ ಕಬ್ಬಿಣದ ಕೀಲಿಯಲ್ಲಿ ತೀರ್ಮಾನವಾಗುತ್ತಿತ್ತು. ಬೇಸಿಗೆಯಲ್ಲಿ ನಲ್ಲಿ ಮುಂದೆ ಹೆಂಗಸರು ಜಡೆ ಹಿಡಿದು ಹೊಡೆದಾಡುವುದನ್ನು ಸ್ವಾಮಿ ಚಿಕ್ಕಂದಿನಲ್ಲಿ ಕಂಡಿದ್ದರು. ಅಪ್ಪ ಹೋಗಿ ಸುಮ್ಮನೆ ನಿಂತರೆ ಸಾಕು, ಬಿಂದಿಗೆಗಳು ತಾವಾಗಿ ಸಾಲಾಗುತ್ತಿದ್ದವು. ಅಪ್ಪ ಬೈದವರಲ್ಲ, ಹೊಡೆದವರಲ್ಲ. ತಮ್ಮ ಪಾಳಿ ತಪ್ಪುವುದಿಲ್ಲ ಎಂಬ ನಂಬಿಕೆ ಜನಕ್ಕಿತ್ತು, ಅಷ್ಟೆ. "ಬಿಂದ್ಗೆ ಕಾಲಿ ಇರೋಗಂಟ ಎಲ್ರೂ ಒಂದೇ ಕಣ್ಲಾ, ತುಂಬುದ್ ಮ್ಯಾಲೆ ಒಬ್ಬೊಬ್ರು ಒಂದೊಂದ್ ತರ," ಎನ್ನುತ್ತಿದ್ದರು ಅಪ್ಪ. ನ್ಯಾಯವಾಗಿ ಪಾಳಿ ಕೊಟ್ಟರೆ ಜನ ಸಾಲಿನಲ್ಲಿ ನಿಲ್ಲುತ್ತಾರೆ ಎಂಬುದನ್ನು ಮೇಷ್ಟ್ರು ಪುಸ್ತಕ ಓದುವುದಕ್ಕೆ ಮೊದಲೇ ನಂಬಿದ್ದರು. ಮೈಸೂರಿನಲ್ಲಿ ಎಂ.ಎ. ಮಾಡುವಾಗ ಲಾಕನ ಮಾತು ಓದಿ, ಇದು ನಮ್ಮಪ್ಪ ಮಾಡುತ್ತಿದ್ದ ಕೆಲಸವೇ ಅಲ್ಲವೇ ಅಂದುಕೊಂಡಿದ್ದರು.

ಐದಾರು ವರ್ಷದ ಹಿಂದೆ ಆ ಪಾಠದ ಎರಡನೆಯ ದಿನ ಒಬ್ಬ ಹುಡುಗ ಎದ್ದು ನಿಂತ. ಹೆಸರು ಜಡೇಮಾದ. ಎಲ್ಲರೂ ಮಾದ ಎಂದೇ ಕರೆಯುತ್ತಿದ್ದರು. ಮದ್ದೂರು ಅರಣ್ಯ ವಲಯದ ಕಾಡಂಚಿನ ಸೋಲಿಗರ ಹಾಡಿಯಿಂದ ಬರುತ್ತಿದ್ದವನು, ಆ ಹಾಡಿಯಲ್ಲಿ ಪದವಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಅವನ ಅಜ್ಜನ ಕಾಲದಲ್ಲಿ ಕಾಡಿನೊಳಗಿದ್ದ ಹಾಡಿಯನ್ನು ಅಂಚಿಗೆ ತಂದು ಕೂರಿಸಿದ್ದರು. ಮೂರು ವರ್ಷದಲ್ಲಿ ಅವನು ತರಗತಿಯಲ್ಲಿ ಬಾಯಿ ಬಿಟ್ಟದ್ದು ಅದೊಂದೇ ಸಲ.

"ಸಾರ್, ಈ ಒಪ್ಪಂದಕ್ಕೆ ಸಹಿ ಹಾಕಿದ್ದು ಯಾರು?" ಎಂದು ಕೇಳಿದ. "ನಮ್ ತಾತ ಹಾಕಿಲ್ಲ. ನಮ್ಮಪ್ಪನ್ನ ಕೇಳ್ದೆ, ಅವನೂ ಹಾಕಿಲ್ವಂತೆ."

ತರಗತಿ ನಕ್ಕಿತು. ಅದು ಕಾಗದದ ಮೇಲಿನ ಸಹಿಯಲ್ಲ, ಸರ್ಕಾರ ಮಾಡಿಸಿದ ರಸ್ತೆಯಲ್ಲಿ ನಡೆದರೆ ಸಾಕು, ನೀನು ಒಪ್ಪಿದ ಹಾಗೆ ಲೆಕ್ಕ ಎಂದು ಮೇಷ್ಟ್ರು ಪಾಠದಲ್ಲಿದ್ದ ಉತ್ತರವನ್ನೇ ಕೊಟ್ಟರು. ಮಾದ, "ನಮ್ಮಾಡಿಗೆ ರಸ್ತೆ ಇಲ್ಲ ಸಾರ್," ಎಂದು ಹೇಳಿ ಕುಳಿತುಕೊಂಡ. ಆವತ್ತು ಮನೆಗೆ ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಒಬ್ಬರೇ ನಕ್ಕಿದ್ದರು. ಇಷ್ಟು ವರ್ಷದಲ್ಲಿ ತಾವು ಪಾಠ ಮಾಡಿದ್ದು ಸಾರ್ಥಕವಾಯಿತು ಅನ್ನಿಸಿತ್ತು.

ಮಾದ ಬಿ.ಎ. ಮುಗಿಸಿ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿ ಸೇರಿಕೊಂಡ. ಅದೂ ಖಾಯಂ ಕೆಲಸವಲ್ಲ, ಗುತ್ತಿಗೆ. ಒಮ್ಮೆ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಖಾಕಿ ಅಂಗಿ ತೊಟ್ಟು ಸಿಕ್ಕಿದವನು, ತಾನೂ ಸಾರ್ ಥರವೇ ಆದೆ, ಸಾರ್‌ಗೆ ಹತ್ತು ತಿಂಗಳು, ತನಗೆ ಹನ್ನೊಂದು ಎಂದು ಹೇಳಿ ನಕ್ಕಿದ್ದ.

ಶಿವರಂಜಿನಿಯ ತವರು ತೊಗರಿಹುಂಡಿ. ಗುಂಡ್ಲುಪೇಟೆಯಿಂದ ಕೇರಳದ ಕಡೆಗೆ ಹೋಗುವಾಗ ಒಳಗೆ ತಿರುಗಿದರೆ ಸಿಗುವ ಸಣ್ಣ ಊರು. ಊರಿನ ಬಾಳೆ ತೋಟಗಳ ಬೇಲಿ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಕಾಡು. ಅಲ್ಲಿ ಆಕೆಯ ತಮ್ಮ ಶಿವರುದ್ರಸ್ವಾಮಿ ಅರಿಶಿನ, ಬಾಳೆ ಬೆಳೆದುಕೊಂಡು, ಹಸು ಕಟ್ಟಿಕೊಂಡು ಚೆನ್ನಾಗಿಯೇ ಇದ್ದ. ಕಳೆದ ವರ್ಷ ಚೆಂಡುಹೂವಿನ ಕಾಲ ಮುಗಿಯುತ್ತಿದ್ದಂತೆ ಆ ಊರಿಗೆ ಹುಲಿಯ ಕಾಟ ಶುರುವಾಯಿತು. ಮೊದಲು ಒಂದು ಕರು ಹೋಯಿತು. ಆಮೇಲೆ ಮೇಕೆ ಮೇಯಿಸುತ್ತಿದ್ದ ಚಿಕ್ಕಮಲ್ಲಮ್ಮ ಎಂಬ ಮುದುಕಿಯ ಮೇಲೆ ಹಾರಿ, ಬಲಗೈಯನ್ನು ಭುಜದಿಂದ ಮೊಣಕೈವರೆಗೆ ಸೀಳಿತು. ಅವಳನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದರು. ಮಗ ರಂಗರಾಜು ಕೂಲಿ ಬಿಟ್ಟು ಅವಳ ಜೊತೆಗೇ ಅಲ್ಲಿ ಉಳಿದ.

ಊರವರು ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟರು, ಮತ್ತೆ ಕೊಟ್ಟರು. ಹತ್ತು ದಿನದ ಮೇಲೆ ಒಂದು ಬೋನು ಬಂತು. ಶಿವರುದ್ರನ ಬಾಳೆ ತೋಟದ ಅಂಚಿಗೆ ಇಳಿಸಿ ಹೋದರು. ಬೋನಿನಲ್ಲಿ ಕಟ್ಟಲು ಮೇಕೆ ನಾಳೆ ತರುತ್ತೇವೆ ಎಂದವರು ತರಲಿಲ್ಲ. ಖಾಲಿ ಬೋನಿನ ಬಾಗಿಲು ಬಾಯಿ ತೆರೆದುಕೊಂಡೇ ಇತ್ತು. ಒಂದು ಭಾನುವಾರ ಬೆಳಗಿನ ಜಾವ ಹುಲಿ ಆ ಬೋನಿನಿಂದ ಇಪ್ಪತ್ತು ಮಾರು ದೂರದಲ್ಲಿ ಶಿವರುದ್ರನ ಗಬ್ಬದ ಹಸುವನ್ನು ಹಿಡಿಯಿತು.

ಫೋನು ಬಂದ ಕೂಡಲೇ ಮೇಷ್ಟ್ರೂ ಶಿವರಂಜಿನಿಯೂ ಹೊರಟು ಹತ್ತು ಗಂಟೆಗೆ ತೊಗರಿಹುಂಡಿ ಸೇರಿದರು. ಊರಿಗೆ ಊರೇ ತೋಟದಲ್ಲಿತ್ತು. ಹಸುವಿನ ಹೊಟ್ಟೆ ಬಗೆದು ಕರು ಹೊರಗೆ ಬಂದಿತ್ತು. ಶಿವರುದ್ರನ ಹೆಂಡತಿ ಅದರ ಮೇಲೆ ಒಂದು ಗೋಣಿ ತಾಟು ಹೊದಿಸಿ ಪಕ್ಕದಲ್ಲಿ ಕುಳಿತಿದ್ದಳು. ಯಾರೂ ಕೂಗಾಡುತ್ತಿರಲಿಲ್ಲ.

ಹನ್ನೊಂದರ ಹೊತ್ತಿಗೆ ಜೀಪು ಬಂತು. ಐದು ಜನ ಇಳಿದರು. ಒಬ್ಬರು ವಯಸ್ಸಾದ ಅಧಿಕಾರಿ, ಒಬ್ಬ ಗಾರ್ಡ್, ಮೂವರು ವಾಚರುಗಳು. ಮೂವರಲ್ಲಿ ಒಬ್ಬ ಮಾದ. ಅವನು ಮೇಷ್ಟ್ರನ್ನು ಕಂಡು ತಲೆ ಬಗ್ಗಿಸಿ ನಮಸ್ಕಾರ ಮಾಡಿದ. ಅಧಿಕಾರಿ ಹಸುವನ್ನು ನೋಡಿ, ಫೋಟೋ ತೆಗೆಸಿ, ಪರಿಹಾರದ ಅರ್ಜಿ ಬರೆದುಕೊಡಿ ಎಂದರು. ಮೇಕೆ ಎಲ್ಲಿ ಎಂದು ಯಾರೋ ಕೇಳಿದರು. ಮೇಲಿನಿಂದ ಮಂಜೂರಾತಿ ಬರಬೇಕು ಎಂದರು ಅಧಿಕಾರಿ. ಆಗ ಜನರ ನಡುವಿನಿಂದ ಒಂದು ದನಿ, ಮೇಕೆ ಇಲ್ಲದಿದ್ದರೆ ಏನಂತೆ, ನೀವೇ ಐದು ಜನ ಇದ್ದೀರಲ್ಲ ಎಂದಿತು.

ಮುಂದಿನದು ಹೇಗಾಯಿತೆಂದು ಮೇಷ್ಟ್ರು ಆಮೇಲೆ ಎಷ್ಟೋ ಸಲ ನೆನೆದು ನೋಡಿದ್ದಾರೆ. ಯಾರೂ ತೀರ್ಮಾನ ಮಾಡಿದಂತಿರಲಿಲ್ಲ. ನೂರು ಜನ ಒಂದು ಹೆಜ್ಜೆ ಮುಂದಿಟ್ಟರು, ಐದು ಜನ ಒಂದು ಹೆಜ್ಜೆ ಹಿಂದಿಟ್ಟರು. ಹಾಗೆ ಹೆಜ್ಜೆ ಹೆಜ್ಜೆಗೂ ಹಿಂದೆ ಸರಿಯುತ್ತ ಹೋದವರ ಬೆನ್ನಿಗೆ ಬೋನು ತಗುಲಿತು. ತಳ್ಳಾಟದಲ್ಲಿ ಅಧಿಕಾರಿ ಒಳಗೆ ಬಿದ್ದರು, ಗಾರ್ಡ್‌ನನ್ನೂ ಇಬ್ಬರು ವಾಚರುಗಳನ್ನೂ ಎತ್ತಿ ನೂಕಿದರು. ಮಾದನನ್ನು ಯಾರೂ ಮುಟ್ಟಲಿಲ್ಲ. ಬಿದ್ದವರನ್ನು ಎಬ್ಬಿಸಲು ಅವನು ತಾನಾಗಿಯೇ ಬಗ್ಗಿ ಒಳಗೆ ಹೋದ. ಅಷ್ಟರಲ್ಲಿ ಶಿವರುದ್ರ ಬೋನಿನ ಬಾಗಿಲನ್ನು ಕೆಳಕ್ಕೆಳೆದು ಕೀಲು ಹಾಕಿಬಿಟ್ಟ. ಮೇಷ್ಟ್ರು ನಾಲ್ಕು ಮಾರು ದೂರದಲ್ಲಿ ನಿಂತು ನೋಡಿದರು. ಕಂಬಿಯ ಆಚೆಯಿಂದ ಮಾದನೂ ನೋಡಿದ.

ಶಿವರಂಜಿನಿ ಗಂಡನ ಕಡೆಗೆ ತಿರುಗಿದಳು. ಏನಾದರೂ ಹೇಳಿ ಎಂಬಂತಿತ್ತು ಆ ನೋಟ. ಮೇಷ್ಟ್ರು ಮುಂದೆ ಹೋಗಿ ಬಾಮೈದನ ತೋಳು ಹಿಡಿದು ಬಾಗಿಲು ತೆಗೆ ಎಂದರು.

"ನಮ್ಮನ್ ಕಾಯ್ತೀವಿ ಅಂತಾನೆಯ ಬಾವ ಇವ್ರು ಇಲ್ಲಿರಾದು," ಎಂದ ಶಿವರುದ್ರ. ಅವನ ದನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು. "ನಾವ್ ಕಾಡ್ಗ್ ಓದ್ರೆ ಕೇಸಾಕ್ತರ. ಕಾಡೇ ನಮ್ಮಟ್ಟಿಗ್ ಬಂದ್ರೆ ಅರ್ಜಿ ಬರಿ ಅಂತರ. ಕಾಯಕಾಗ್ದಿದ್ರ ಯಾಕಿರ್ಬೇಕು ಇವ್ರು? ನೀವೇ ಯೋಳಿ, ಓದ್ದವ್ರು."

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಬಾಮೈದ ಆಡಿದ್ದು ಲಾಕನ ಮಾತನ್ನೇ. ತಾವೇ ಹದಿನೇಳು ವರ್ಷ ಕಪ್ಪು ಹಲಗೆಯ ಮುಂದೆ ನಿಂತು ಒಪ್ಪಿಸಿದ ಮಾತು. ಆದರೆ ಒಪ್ಪಂದ ಮುರಿದವರು ಎಲ್ಲೋ ಕಚೇರಿಯಲ್ಲಿದ್ದರು, ಬೋನಿನಲ್ಲಿದ್ದದ್ದು ಹನ್ನೊಂದು ತಿಂಗಳ ಗುತ್ತಿಗೆಯ ಮಾದ. ಅದನ್ನು ಆ ಗುಂಪಿಗೆ ಹೇಳುವುದು ಹೇಗೆಂದು ತೋಚಲಿಲ್ಲ. ಕೊನೆಗೆ ಅವರ ಬಾಯಿಂದ ಬಂದದ್ದು, ಇದು ಕಾನೂನಿಗೆ ವಿರುದ್ಧ ಎಂಬ ಒಂದು ವಾಕ್ಯ.

"ಅದ್ನ ಉಲಿಗೆ ಯೋಳಿ ಮೇಷ್ಟ್ರೆ," ಎಂದ ಮುದುಕನೊಬ್ಬ. ಜನ ನಕ್ಕರು.

ಬಿಸಿಲೇರಿತು. ಒಳಗಿದ್ದ ಅಧಿಕಾರಿಗೆ ಸಕ್ಕರೆ ಕಾಯಿಲೆ, ಕುಡಿಯಲು ನೀರು ಬೇಕಂತೆ ಎಂದು ಮಾದ ಕಂಬಿ ಹಿಡಿದುಕೊಂಡು ಮೇಷ್ಟ್ರಿಗೆ ಹೇಳಿದ. ಅವರು ಶಿವರಂಜಿನಿಯ ಚೀಲದಿಂದ ಬಾಟಲಿ ತೆಗೆದು ಕಂಬಿಯ ಸಂದಿನಿಂದ ಕೊಟ್ಟರು. ಆ ಹೊತ್ತಿಗೆ ಹತ್ತಾರು ಫೋನುಗಳು ಮೇಲೆದ್ದಿದ್ದವು. ಹಿಂದಿನಿಂದ ಯಾರೋ, ಮೇಷ್ಟ್ರು ಮೇವು ಹಾಕುತ್ತಿದ್ದಾರೆ ಎಂದರು. ಮತ್ತೆ ನಗು. ಎಲ್ಲರೂ ನಕ್ಕಾಗ ಮೇಷ್ಟ್ರ ತುಟಿಯ ಮೇಲೂ ಒಂದು ನಗು ಬಂದುಹೋಯಿತು. ಯಾಕೆ ಬಂತೆಂದು ಅವರಿಗೇ ಗೊತ್ತಿಲ್ಲ. ಅಂಜಿಕೆಗೆ ಬಂದ ನಗು ಎಂದು ಶಿವರಂಜಿನಿ ಆಮೇಲೆ ಸಮಾಧಾನ ಹೇಳಿದಳು. ಮಾದ ಮಾತ್ರ ಆ ನಗುವನ್ನು ಒಂದು ಗೇಣು ದೂರದಿಂದ ಕಂಡಿದ್ದ.

ಮಧ್ಯಾಹ್ನ ಒಂದೂವರೆಗೆ ದೊಡ್ಡ ಅಧಿಕಾರಿಗಳು ಬಂದು, ಆನೆ ಕರೆಸುತ್ತೇವೆ, ಹುಲಿ ಹಿಡಿಸುತ್ತೇವೆ ಎಂದು ಮಾತು ಕೊಟ್ಟ ಮೇಲೆ ಬೋನಿನ ಬಾಗಿಲು ತೆರೆಯಿತು. ಆನೆಗಳು ಬಂದು ಒಂದು ವಾರ ಹುಡುಕಿದವು. ಹುಲಿ ಮತ್ತೆ ಆ ಕಡೆ ಕಾಣಿಸಲಿಲ್ಲ. ಆದರೆ ಸೋಮವಾರ ಬೆಳಗಾಗುವಷ್ಟರಲ್ಲಿ ಆ ವಿಡಿಯೋ ಜಿಲ್ಲೆಯ ಎಲ್ಲ ಫೋನುಗಳಲ್ಲೂ ಇತ್ತು. ಬೋನಿನಲ್ಲಿ ಐದು ಜನ, ಹೊರಗೆ ಬಾಟಲಿ ಹಿಡಿದು ನಗುತ್ತಿರುವ ಒಬ್ಬ ಕನ್ನಡಕದ ಮನುಷ್ಯ. ಕೀಲು ಹಾಕಿದ ಗಳಿಗೆ ಯಾರ ಫೋನಿನಲ್ಲೂ ಇರಲಿಲ್ಲ.

ಪ್ರಾಂಶುಪಾಲರು ಕೊಠಡಿಗೆ ಕರೆಸಿ, ಪೊಲೀಸರಿಂದ ಫೋನು ಬಂದಿತ್ತು ಎಂದರು. ಬೈಯಲಿಲ್ಲ. ಮುಂದಿನ ವರ್ಷದ ಅರ್ಜಿಯಲ್ಲಿ ಕೇಸು ಇದೆಯೇ ಎಂಬ ಕಾಲಮ್ಮು ಇರುತ್ತದೆ, ನೋಡಿಕೊಳ್ಳಿ ಎಂದಷ್ಟೇ ಹೇಳಿದರು. ಮರುದಿನ ಠಾಣೆಯಿಂದ ಕರೆ ಬಂತು. ಹೊರಡುವಾಗ ಶಿವರಂಜಿನಿ ಅವರ ಜೇಬಿಗೆ ಕನ್ನಡಕದ ಡಬ್ಬಿ ಇಡುತ್ತ, ಅಮ್ಮನಿಗೆ ಉಳಿದಿರುವುದು ಅವನೊಬ್ಬನೇ ಎಂದಳು. ತಮ್ಮನ ಹೆಸರೆತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಠಾಣೆಯಲ್ಲಿ, ತೋಟ ತನ್ನದೆಂದು ಕರೆಸಿಕೊಂಡಿದ್ದ ಶಿವರುದ್ರನೂ, ಅವನ ಕಡೆಯ ಒಬ್ಬ ಪಂಚಾಯ್ತಿ ಸದಸ್ಯನೂ ಬೆಂಚಿನ ಮೇಲೆ ಮೊದಲೇ ಕುಳಿತಿದ್ದರು. ಸಬ್ ಇನ್ಸ್‌ಪೆಕ್ಟರ್ ಇನ್ನೂ ಚಿಕ್ಕ ವಯಸ್ಸಿನವನು, ಮರ್ಯಾದೆಯಿಂದಲೇ ಮಾತಾಡಿದ. ಮೇಷ್ಟ್ರಿಗೆ ಕುರ್ಚಿ ಕೊಟ್ಟು, ಚಹಾ ತರಿಸಿ, ಟೈಪು ಮಾಡಿದ ಒಂದು ಕಾಗದ ಮುಂದಿಟ್ಟ. ಅದು ಮೇಷ್ಟ್ರದೇ ಹೇಳಿಕೆ. ಅವರು ಬಾಯಿ ಬಿಡುವ ಮೊದಲೇ ಬರೆದಾಗಿತ್ತು. ಸ್ಥಳದಲ್ಲಿ ಹಾಜರಿದ್ದ ತಾವು ಈ ಕೆಳಕಂಡ ಐದು ಜನ ಊರವರು ಅರಣ್ಯ ಸಿಬ್ಬಂದಿಯನ್ನು ಬೋನಿಗೆ ತಳ್ಳಿ ಬಾಗಿಲು ಹಾಕಿದ್ದನ್ನು ಕಂಡುದಾಗಿ ಅದರಲ್ಲಿತ್ತು. ಐದು ಹೆಸರಿನಲ್ಲಿ ಮೂರನೆಯದು ರಂಗರಾಜು, ತಾಯಿ ಚಿಕ್ಕಮಲ್ಲಮ್ಮ.

ಮೇಷ್ಟ್ರು ಎರಡು ಸಲ ಓದಿದರು. ಇವನು ಆವತ್ತು ಊರಲ್ಲೇ ಇರಲಿಲ್ಲ, ಮೈಸೂರಿನ ಆಸ್ಪತ್ರೆಯಲ್ಲಿ ತಾಯಿಯ ಜೊತೆ ಇದ್ದ ಎಂದರು. ಅವನ ಹೆಸರು ಬಂದದ್ದು ಹೇಗೆಂದು ಅವರಿಗೆ ನಿಧಾನವಾಗಿ ಹೊಳೆಯಿತು. ಬೋನು ಕೊಡಿ ಎಂದು ಊರವರು ಕೊಟ್ಟ ಅರ್ಜಿಗಳಲ್ಲೆಲ್ಲ, ಗಾಯಗೊಂಡವಳ ಮಗನೆಂದು, ಮೊದಲ ಹೆಸರು ಅವನದು. ಪರಿಹಾರದ ಕಾಗದದಲ್ಲೂ ಅವನದೇ ಹೆಸರು, ಅವನದೇ ಫೋನ್ ನಂಬರು. ಕಚೇರಿಯನ್ನು ನಂಬಿ ಬರೆದುಕೊಟ್ಟವನ ಹೆಸರೇ ಕಚೇರಿಗೆ ಗೊತ್ತಿತ್ತು.

"ಇವನಲ್ಲ ಅಂತೀರಿ. ಸರಿ, ತೆಗೀತೀನಿ," ಎಂದ ಸಬ್ ಇನ್ಸ್‌ಪೆಕ್ಟರ್. "ಕೀಲು ಹಾಕಿದ್ದು ಯಾರು, ನೀವೇ ಹೇಳಿ ಸಾರ್. ಆ ಹೆಸರು ಬರ್ಕೋತೀನಿ. ನಾಲ್ಕು ಹೆಸರಿಟ್ಟು ಕಳಿಸಿದ್ರೆ ನನ್ನ ಮೇಲಿನವರು ಕೇಳ್ತಾರೆ."

ಫ್ಯಾನು ತಿರುಗುತ್ತಿತ್ತು. ಬೆಂಚಿನ ಮೇಲೆ ಶಿವರುದ್ರ ತನ್ನ ಚಪ್ಪಲಿಯ ತುದಿಯನ್ನು ನೋಡುತ್ತ ಕುಳಿತಿದ್ದ. ಅವನು ಕೆಟ್ಟವನಲ್ಲ. ಶಿವರಂಜಿನಿಗೆ ಹೆರಿಗೆ ಕಷ್ಟವಾದಾಗ ಮಳೆಯಲ್ಲಿ ಟೆಂಪೋ ಹೊಡೆದುಕೊಂಡು ಚಾಮರಾಜನಗರಕ್ಕೆ ಕರೆದೊಯ್ದವನು ಅವನೇ. ಅವನ ಹೆಸರು ತಮ್ಮ ನಾಲಗೆಯ ಮೇಲೆ ಬಂದು ಕೂತಿರುವುದು ಮೇಷ್ಟ್ರಿಗೆ ಗೊತ್ತಾಗುತ್ತಿತ್ತು. ಹೇಳಿದರೆ ಹೆಂಡತಿಯ ಮುಖ ಹೇಗೆ ನೋಡುವುದು. ಹೇಳದೆ ಎದ್ದು ಹೋದರೆ, ವಿಡಿಯೋದಲ್ಲಿ ನಗುತ್ತಿರುವ ತಾವೇ ಐದನೆಯವರಾಗಬಹುದು. ಓದಿದವರು, ಒಂದೋ ಸಾಕ್ಷಿಯಾಗಬೇಕು, ಇಲ್ಲವೇ ಆರೋಪಿಯಾಗಬೇಕು ಎಂದು ಸಬ್ ಇನ್ಸ್‌ಪೆಕ್ಟರ್ ಮೊದಲೇ ನಯವಾಗಿ ಹೇಳಿದ್ದ.

"ಜಾಮೀನಾಯ್ತದ ಬುಡಿ ಮೇಷ್ಟ್ರೆ, ರಂಗರಾಜಂಗೆ ನಾವೇ ವಕೀಲ್ರ ಇಡ್ತೀವಿ," ಎಂದ ಪಂಚಾಯ್ತಿ ಸದಸ್ಯ.

ಮೂರನೆಯ ಹೆಸರು ಹಾಗೇ ಇದ್ದ ಕಾಗದಕ್ಕೆ ಮೇಷ್ಟ್ರು ಸಹಿ ಹಾಕಿದರು. ಹಾಜರಿ ಪುಸ್ತಕದಲ್ಲಿ ದಿನವೂ ಹಾಕುವ ಸಹಿಯೇ, ಹೆಸರಿನ ಕೆಳಗೆ ಒಂದು ಗೆರೆ ಎಳೆದು ಎರಡು ಚುಕ್ಕೆ ಇಡುವ ಸಹಿ. ಗೆರೆ ಎಂದಿನಂತೆ ನೇರವಾಗಿಯೇ ಬಂತು. ಅದೇ ಅವರನ್ನು ಆಮೇಲೆ ಬಹಳ ದಿನ ಕಾಡಿತು.

ರಂಗರಾಜುವನ್ನು ಆಸ್ಪತ್ರೆಯ ಬಾಗಿಲಿನಿಂದಲೇ ಕರೆತಂದರು. ಜಾಮೀನು ಸಿಗಲು ಒಂಬತ್ತು ದಿನವಾಯಿತು. ಆ ಒಂಬತ್ತು ದಿನ ಚಿಕ್ಕಮಲ್ಲಮ್ಮನ ಹತ್ತಿರ ಯಾರೂ ಇರಲಿಲ್ಲ. ಕೈಗೆ ಕೀವು ತುಂಬಿ ಜ್ವರವೇರಿತು. ಜೀವ ಉಳಿಯಿತು, ಬೆರಳುಗಳು ಮತ್ತೆ ಮಡಚಲಿಲ್ಲ. ಸದಸ್ಯ ಇಡುತ್ತೇನೆಂದ ವಕೀಲರು ಮೊದಲ ತಾರೀಖಿಗೆ ಬಂದರು, ಎರಡನೆಯದಕ್ಕೆ ಬರಲಿಲ್ಲ.

ಎರಡು ತಿಂಗಳ ಮೇಲೆ ಮೇಷ್ಟ್ರಿಗೆ ಮಾದ ಕಾಣಿಸಿದ್ದು ಗುಂಡ್ಲುಪೇಟೆಯ ತರಕಾರಿ ಮಾರುಕಟ್ಟೆಯ ಮುಂದೆ, ಕೇರಳದ ಲಾರಿಗೆ ಎಲೆಕೋಸಿನ ಚೀಲ ಹೊರುತ್ತಿದ್ದಾಗ. ಗುತ್ತಿಗೆ ಮುಗಿದಿತ್ತು, ಮುಂದುವರಿಸಿರಲಿಲ್ಲ. ಕಾರಣ ಕೇಳಲು ಹೋದವನಿಗೆ, ನೀನು ಇಲಾಖೆಯ ಪರ ನಿಲ್ಲಲಿಲ್ಲ ಎಂದರಂತೆ. ಯಾರು ತಳ್ಳಿದ್ದು ಎಂದು ಪೊಲೀಸರು ಕೇಳಿದಾಗ ಅವನು ಗೊತ್ತಿಲ್ಲ ಎಂದಿದ್ದ.

"ನೋಡಿದ್ದೆಯಲ್ಲ ಮಾದ," ಎಂದರು ಮೇಷ್ಟ್ರು.

"ನೋಡಿದ್ದೆ ಸಾರ್. ನಮ್ಮಾಡಿಗೆ ಕಾಲುದಾರಿ ಇರೋದು ಶಿವರುದ್ರಪ್ಪೋರ ತೋಟದ ಮೇಲೆ. ಅವ್ರ ಹೆಸ್ರೇಳ್ಬುಟ್ಟು ಆ ದಾರೀಲಿ ನಾಳೆ ಹೆಂಗ್ ಓಡಾಡ್ಲಿ?" ಮಾದ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಕುತ್ತಿಗೆ ಒರೆಸಿಕೊಂಡ. "ರಂಗರಾಜು ಇರ್ಲಿಲ್ಲ ಅನ್ನೋದನ್ನ ಮಾತ್ರ ಎರಡು ಸಲ ಹೇಳ್ದೆ. ಅದನ್ನ ಅವ್ರು ಬರ್ಕೊಳ್ಳಿಲ್ಲ."

ತಮ್ಮ ಸಹಿಯ ವಿಷಯ ಅವನಿಗೆ ಗೊತ್ತಿದೆಯೋ ಇಲ್ಲವೋ ಮೇಷ್ಟ್ರಿಗೆ ತಿಳಿಯಲಿಲ್ಲ. ಗೊತ್ತಿದ್ದರೂ ಅವನು ಕೇಳುವವನಲ್ಲ. ಒಳಗಿನಿಂದ ಮೇಸ್ತ್ರಿ ಕೂಗಿದ. ಬರುತ್ತೇನೆ ಸಾರ್ ಎಂದು ಮಾದ ಮುಂದಿನ ಚೀಲಕ್ಕೆ ಬೆನ್ನು ಕೊಟ್ಟ.

ಆ ವಾರವೇ ತರಗತಿಯಲ್ಲಿ ಸಾಮಾಜಿಕ ಒಪ್ಪಂದದ ಪಾಠ ಬಂತು. ಪೊಲೀಸು ಕೋರ್ಟು ಇಲ್ಲದಿದ್ದರೆ ಏನು ಮಾಡುತ್ತೀರಿ ಎಂದು ಮೇಷ್ಟ್ರು ಈ ಸಲ ಕೇಳಲಿಲ್ಲ. ನೋಟ್ಸ್ ಬರೆಸಿದರು. ಮನುಷ್ಯ ಸ್ವಭಾವದ ಬಗ್ಗೆ ಮೂವರ ಅಭಿಪ್ರಾಯವನ್ನು ಒಂದು, ಎರಡು, ಮೂರು ಎಂದು ಹೇಳುತ್ತ ಹೋದರು. ಹುಡುಗಿಯರು ತಲೆ ಬಗ್ಗಿಸಿ ಬರೆದುಕೊಂಡರು. ಠಾಣೆಯ ಕುರ್ಚಿಯಲ್ಲಿ ಕುಳಿತು ಸಹಿ ಹಾಕಿದವನ ಸ್ವಭಾವ ಆ ಮೂರರಲ್ಲಿ ಯಾವುದೆಂದು ಬರೆಸುತ್ತಲೇ ಹುಡುಕಿದರು. ಹಾಬ್ಸನ ಮನುಷ್ಯನಂತೆ ತಾವು ಯಾರ ಮೇಲೂ ಎರಗಿರಲಿಲ್ಲ, ರೂಸೋ ಹೇಳಿದಷ್ಟು ಒಳ್ಳೆಯವರಾಗಿಯೂ ಉಳಿದಿರಲಿಲ್ಲ. ಮನೆಯವರಿಗೆ ನೋವಾಗದಿರಲಿ, ಕೆಲಸ ಉಳಿಯಲಿ ಎಂದು ಸುಮ್ಮನಿದ್ದ ಒಬ್ಬ ಸಾಧಾರಣ ಮನುಷ್ಯ. ಅಂಥವನ ವಿಚಾರ ಸಿಲಬಸ್ಸಿನಲ್ಲಿ ಇರಲಿಲ್ಲ.

ಮನಸ್ಸು ತಡೆಯದೆ ಅವರು ಚಾಮರಾಜನಗರದಲ್ಲಿ ಪರಿಚಯದ ವಕೀಲರೊಬ್ಬರನ್ನು ಕಂಡರು. ಕೋರ್ಟಿನಲ್ಲಿ ಸಾಕ್ಷಿಗೆ ಕರೆದಾಗ ನಿಜ ಹೇಳಬಹುದು, ಅದಕ್ಕೆ ಅಡ್ಡಿಯಿಲ್ಲ ಎಂದರು ವಕೀಲರು. ಆದರೆ ಹಾಗಾದರೆ ಠಾಣೆಯಲ್ಲಿ ಯಾಕೆ ಸಹಿ ಮಾಡಿದಿರಿ ಎಂದು ಕೇಳುತ್ತಾರೆ, ಕೀಲು ಹಾಕಿದ್ದು ಯಾರು ಎಂದೂ ಕೇಳುತ್ತಾರೆ, ಎರಡಕ್ಕೂ ಉತ್ತರ ಇಟ್ಟುಕೊಂಡಿರಿ ಎಂದರು. ಮೇಷ್ಟ್ರು ಮೊದಲನೆಯದಕ್ಕೆ ಉತ್ತರ ಸಿದ್ಧಮಾಡಿಕೊಂಡರು. ಎರಡನೆಯದು ಹಾಗೇ ಉಳಿಯಿತು. ಸಾಕ್ಷಿಯ ತಾರೀಖು ಮೂರು ಸಲ ಮುಂದಕ್ಕೆ ಹೋಯಿತು. ಪ್ರತಿ ಸಲ ಮುಂದಕ್ಕೆ ಹೋದಾಗಲೂ ತಮಗೆ ಹಗುರವಾಗುತ್ತಿರುವುದನ್ನು ಕಂಡು ಅವರಿಗೆ ತಮ್ಮ ಮೇಲೇ ಹೇಸಿಗೆಯಾಗುತ್ತಿತ್ತು.

ಮಾಘದ ಒಂದು ಬೆಳಿಗ್ಗೆ ಚಿಕ್ಕಮಲ್ಲಮ್ಮ ಉಡಿಗಾಲಕ್ಕೇ ಬಂದುಬಿಟ್ಟಳು. ಮಗನ ಮೇಲೆ ಕೇಸಿದೆ ಎಂದು ಅವಳ ಪರಿಹಾರದ ಕಾಗದ ಎಲ್ಲೋ ನಿಂತಿತ್ತು. ಸ್ವಾಧೀನ ತಪ್ಪಿದ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಜಗಲಿಯ ಕೆಳಗೇ ನಿಂತಳು. ಶಿವರಂಜಿನಿ ಎಷ್ಟು ಕರೆದರೂ ಮೇಲೆ ಬರಲಿಲ್ಲ. ಕೊನೆಗೆ ಮೇಷ್ಟ್ರೇ ಕೆಳಗಿಳಿದು ಕಟ್ಟೆಯ ಮೇಲೆ ಅವಳನ್ನು ಕೂರಿಸಿ ತಾವೂ ಕೂತರು. ಮಗ ಏನೂ ಮಾಡಿಲ್ಲ, ಅವನು ತನ್ನ ಮಂಚದ ಕೆಳಗೇ ಮಲಗಿದ್ದ, ಡಿಸಿ ಸಾಹೇಬರಿಗೆ ಒಂದು ಅರ್ಜಿ ಬರೆದುಕೊಡಿ ಎಂಬುದು ಅವಳು ಬಂದ ಕೆಲಸ. ಊರಲ್ಲಿ ಯಾರೂ ಬರೆದುಕೊಡುತ್ತಿರಲಿಲ್ಲ. ಬರೆದರೆ ಹಾಗಾದರೆ ಯಾರು ಎಂಬ ಪ್ರಶ್ನೆ ಬರುತ್ತದಲ್ಲ.

ಒಳಗೆ ಶಿವರಂಜಿನಿ ಬಾಗಿಲ ಬಳಿ ನಿಂತಿದ್ದಳು. ಸಹಿಯ ವಿಷಯ ಅವಳಿಗೆ ಗೊತ್ತಿತ್ತು. ಗಂಡ ಹೆಂಡಿರು ಅದರ ಬಗ್ಗೆ ಇದುವರೆಗೆ ಒಂದು ಮಾತೂ ಆಡಿರಲಿಲ್ಲ. ಅವಳು ಒಳಗೆ ಹೋಗಿ ಬಿಳಿ ಹಾಳೆಯನ್ನೂ ಪೆನ್ನನ್ನೂ ತಂದು ಗಂಡನ ಪಕ್ಕದಲ್ಲಿಟ್ಟಳು.

ಮೇಷ್ಟ್ರು ಬರೆದರು. ಆಸ್ಪತ್ರೆಗೆ ಸೇರಿದ ದಿನಾಂಕ, ವಾರ್ಡಿನ ನಂಬರು, ಮಗ ಅಲ್ಲಿ ಔಷಧಿ ತಂದ ಚೀಟಿ, ಎಲ್ಲ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. ಬಲಗೈಯ ಹೆಬ್ಬೆಟ್ಟು ಏಳದ್ದರಿಂದ ಎಡಗೈಯದನ್ನು ಒತ್ತಿಸಿದರು. ಆಮೇಲೆ ಹಾಳೆಯನ್ನು ಮಡಿಚದೆ ಕೈಯಲ್ಲೇ ಹಿಡಿದು, "ಅಮ್ಮ, ಅದರಲ್ಲಿ ನನ್ನ ಸಹಿಯೂ ಇದೆ," ಎಂದರು.

"ಇರ್ಲಿ ಬುದ್ದಿ," ಎಂದಳು ಚಿಕ್ಕಮಲ್ಲಮ್ಮ. ಅವಳ ಕಣ್ಣು ಮೇಷ್ಟ್ರ ಕೈಯಲ್ಲಿದ್ದ ಅರ್ಜಿಯ ಮೇಲಿತ್ತು. "ನಿಮ್ ರುಜಾ ಇದ್ರ ತೂಕ ಜಾಸ್ತಿ. ನಮ್ ಎಬ್ಬೆಟ್ಟ ಯಾರ್ ಕೇಳರು."

ಈ ಅರ್ಜಿಯಲ್ಲ, ಆ ಠಾಣೆಯ ಕಾಗದದಲ್ಲಿ ಎಂದು ಹೇಳಲು ಮೇಷ್ಟ್ರು ಬಾಯಿ ತೆರೆದರು. ಮುದುಕಿ ಎಡಗೈಯಿಂದ ಅವರ ಮೊಣಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅರ್ಜಿಯ ಕೆಳಗೆ, ಬರೆದವರು ಎಂದು ತಮ್ಮ ಹೆಸರು ಹಾಕಿ ಸಹಿ ಮಾಡಿದರು.

ಆವತ್ತೇ ರಜೆ ಹಾಕಿ ಅವಳನ್ನು ಚಾಮರಾಜನಗರಕ್ಕೆ ಕರೆದುಕೊಂಡು ಹೋದರು. ಕಚೇರಿಯಲ್ಲಿ ಗುಮಾಸ್ತ ಅರ್ಜಿ ಪಡೆದು, ಸೀಲು ಒತ್ತಿ, ಒಂದು ನಂಬರು ಬರೆದುಕೊಟ್ಟ. ಎಷ್ಟು ದಿನವಾಗಬಹುದು ಎಂದದ್ದಕ್ಕೆ, ಪೊಲೀಸರಿಂದ ವರದಿ ತರಿಸಿಕೊಂಡು ತಿಳಿಸುತ್ತೇವೆ ಎಂದ. ವರದಿ ಎಂದರೆ ಯಾವುದೆಂದು ಮೇಷ್ಟ್ರಿಗೆ ಗೊತ್ತಿತ್ತು. ಅದರ ಜೊತೆಗಿರುವ ಹೇಳಿಕೆ ಯಾರದೆಂದೂ ಗೊತ್ತಿತ್ತು. ಅವರೇ ಬರೆದ ಅರ್ಜಿಗೆ ಅವರೇ ಸಹಿ ಮಾಡಿದ ಕಾಗದ ಉತ್ತರವಾಗಿ ಬರಲಿತ್ತು.

ಬಸ್ ನಿಲ್ದಾಣದಲ್ಲಿ ಮುದುಕಿಗೆ ಇಡ್ಲಿ ಕೊಡಿಸಿದರು. ಅವಳು ಎಡಗೈಯಲ್ಲಿ ತಿನ್ನಲು ನಾಚಿ, ಕಂಬದ ಕಡೆಗೆ ತಿರುಗಿಕೊಂಡು ತಿಂದಳು. ಕಾಗದದ ನಂಬರನ್ನು ಸೆರಗಿನ ತುದಿಗೆ ಗಂಟು ಹಾಕಿಸಿಕೊಂಡಳು, ಅದನ್ನು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಗುಂಡ್ಲುಪೇಟೆಯ ಬಸ್ಸು ಬಂದಾಗ ಜನ ಬಾಗಿಲಿಗೆ ಮುತ್ತಿದರು. ಒಂದು ಕೈಯಲ್ಲಿ ಕಂಬಿ ಹಿಡಿದು ಹತ್ತಲು ಅವಳಿಗೆ ಆಗಲಿಲ್ಲ, ಮೇಷ್ಟ್ರು ಹಿಂದಿನಿಂದ ಎತ್ತಿ ಹತ್ತಿಸಿದರು. ಸೀಟು ಸಿಗಲಿಲ್ಲ. ಉಡಿಗಾಲ ಬರುವವರೆಗೂ ಇಬ್ಬರೂ ನಿಂತೇ ಬಂದರು. ಇಳಿಯುವಾಗ ಮೇಷ್ಟ್ರು ಅವಳನ್ನು ನೋಡಿಕೊಳ್ಳುವಂತೆ ಕಂಡಕ್ಟರಿಗೆ ಹೇಳಿದರು. ಅವನು ಆಗಲಿ ಎಂದು ಸೀಟಿ ಊದಿದ.